ಊಟಕ್ಕ ಮೊದಲೋ, ಆಮ್ಯಾಲೋ

ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ ನನ್ನದು.
ಗಾಲಿಕುರ್ಚಿ ತಳ್ಳುತ್ತೇನೆ. ಆರು ವರ್ಷದಿಂದ
ಮಂದಿಯನ್ನು ವಿಮಾನದ ಬಾಗಿಲ ತನಕ ಬಿಟ್ಟು
ಖಾಲಿ ಕುರ್ಚಿಯೊಡನೆ ಹಿಂದಕ್ಕೆ ಬರುತ್ತೇನೆ.

ಅವತ್ತಿನ ಕಾಗದದಲ್ಲಿದ್ದ ಹೆಸರು ನೀಲಗಂಗವ್ವ ಮೆಣಸಿನಕಾಯಿ.
ಗೋವಾದಲ್ಲಿ ಇಳಿದು, ಅಲ್ಲಿಂದ ಬಸ್ಸಿಗೆ ನವಲಗುಂದ.
ಮಗಳ ಬಾಣಂತನಕ್ಕೆ ಬಂದವಳು, ಮೂರು ತಿಂಗಳು
ರೂವಿಯ ನಾಲ್ಕನೇ ಮಹಡಿಯಲ್ಲಿ
ಎಸಿ ಆರಿಸಿ ಅಜವಾನದ ಹೊಗೆ ಹಾಕಿದವಳು.
ಹೊಗೆಗೆ ಕಟ್ಟಡದ ಅಲಾರಾಂ ಕೂಗಿ
ಎಲ್ಲರೂ ಮೆಟ್ಟಿಲಿಳಿದು ಓಡಿದರಂತೆ.
"ಕೂಸು ಮಾತ್ರ ಏಳಲಿಲ್ಲ ನೋಡು."

ತಪಾಸಣೆಯ ಬೆಲ್ಟಿನ ಮುಂದೆ ಬುಥೈನಾ,
ಕೈಗವಸು, ನಿದ್ದೆಗೆಟ್ಟ ಕಣ್ಣು:
"ಟ್ಯಾಬ್ಲೆಟ್. ಟ್ಯಾಬ್ಲೆಟ್ ಔಟ್."

ಅವ್ವನಿಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಮಾತು ಅದು.
ಸೊಂಟದ ಚೀಲ ಬಿಚ್ಚಿದಳು.
ಬೀಪಿಯದು, ಸಕ್ಕರೆಯದು, ಮಂಡಿನೋವಿನದು,
ನಾಲ್ಕಾಗಿ ಮಡಚಿದ ಡಾಕ್ಟರ ಚೀಟಿ.
ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದೊಂದೇ ಇಟ್ಟಳು
ಅರಿಶಿನ ಕುಂಕುಮಕ್ಕೆ ಜೋಡಿಸುವ ಹಾಗೆ.
ಓದು ಬಾರದ ತಾಯಿಗೆಂದು ಮಗಳು
ಪ್ರತಿ ಶೀಟಿನ ಬೆನ್ನಿಗೂ ಪೆನ್ನಿನಲ್ಲಿ ಚಿತ್ರ ಬರೆದಿದ್ದಳು:
ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ.

ಬುಥೈನಾ ಗಾಳಿಯಲ್ಲಿ ಬೆರಳಿಂದ ಒಂದು ಚೌಕ ಎಳೆದಳು. ಇಷ್ಟು ದೊಡ್ಡದು.
"ಅಷ್ಟ ದೊಡ್ಡ ಗುಳಿಗಿ ಯಾವ ಎಮ್ಮಿಗೆ ಕೊಡ್ತಾರೋ ತಮ್ಮಾ?"

ಹಿಂದಿನ ಸಾಲು ಗೊಣಗಿತು. ನನ್ನದು ಮುಳಬಾಗಿಲ ಕನ್ನಡ;
ಕೈಸನ್ನೆ ಬೆರೆಸಿ ಹೇಳಿದೆ, ಫೋನಿನ ಥರದ್ದಮ್ಮಾ, ಅಗಲದ್ದು, ಇದೆಯಾ?
"ಪಾಟಿ ಅನ್ನಬೇಕಿಲ್ಲೋ ಮತ್ತ!"
ಸೀರೆಗಳ ನಡುವಿಂದ, ದಿಂಬಿನ ಚೀಲದೊಳಗಿಂದ
ಹೊರಬಂತು. ಒತ್ತುವ ಗುಂಡಿಗೆ ಗುರುತಾಗಿ
ಒಂದು ಕೆಂಪು ಟಿಕಳಿ.
ಬುಥೈನಾ ಟಿಕಳಿ ನೋಡಿದಳು, ತಟ್ಟೆಯ ಸೂರ್ಯನನ್ನು ನೋಡಿದಳು,
ಏನು ಓದಿಕೊಂಡಳೋ, ಬೆಲ್ಟ್ ಬಿಟ್ಟಳು.

ಗೇಟಿನಲ್ಲಿ ಇನ್ನೂ ನಲವತ್ತು ನಿಮಿಷ.
ಟಿಕಳಿ ಒತ್ತಿ ತೋರಿಸಿದಳು, ಮೊಮ್ಮಗನ ಎಣ್ಣೆನೀರು.
ಮುಕ್ಕಾಲು ನಿಮಿಷದ್ದು. ಅವಳ ಮುಖವೇ ಇಲ್ಲ ಅದರಲ್ಲಿ,
ಚಾಚಿದ ಎರಡು ಕಾಲು, ಬಳೆ, ತಂಬಿಗೆ.
ನೀರು ಬೀಳುವಾಗ ಅಳು,
ಮುಗಿಯುವ ಮುನ್ನ ಒಂದು ಆಕಳಿಕೆ.
ಮತ್ತೆ ಒತ್ತಿದಳು. ಮತ್ತೆ.
ಆರನೇ ಸಲ ಕೂಸು ಬಾಯಿ ತೆರೆದಾಗ
ನನಗೂ ಆಕಳಿಕೆ ಬಂತು.
"ಹತ್ತಿತು ನೋಡು ನಿನಗೂ," ನಕ್ಕಳು. ಆಮೇಲೆ
ಪಾಟಿಯನ್ನು ಮಡಿಲಲ್ಲಿ ಬೋರಲು ಹಾಕಿ:
"ಇದನ್ನ ಊಟಕ್ಕ ಮೊದಲ ತಗೋಬೇಕೋ, ಆಮ್ಯಾಲೋ?"

ನನಗೆ ಉತ್ತರ ಹೊಳೆಯಲಿಲ್ಲ.
"ಮ್ಯಾಲ ಹೋದಮ್ಯಾಲ ಮಾತಾಡೂದಿಲ್ಲಂತ, ಖರೇನು?"
ಮಾತಾಡಲ್ಲಮ್ಮಾ, ತೋರಿಸುತ್ತೆ ಅಷ್ಟೇ, ಎಂದು
ವಿಮಾನದ ಚಿತ್ರ ನಾನೇ ಒತ್ತಿಕೊಟ್ಟೆ.
ಅರಬ್ಬಿ ಸಮುದ್ರ ಎಷ್ಟು ಆಕಳಿಕೆಯಷ್ಟು ಅಗಲವೋ,
ಅಷ್ಟಕ್ಕೆ ಸಾಲುವಷ್ಟು ಚಾರ್ಜು ಇತ್ತು.

ಬಾಗಿಲು ಮುಚ್ಚಿದ ಮೇಲೆ ಕುರ್ಚಿ ಮಡಚುವಾಗ
ಸೀಟಿನ ಸಂದಿಯಿಂದ ಜಾರಿತು
ಚಂದ್ರನ ಶೀಟು. ಹತ್ತರಲ್ಲಿ ಏಳು ಹಾಗೇ ಇವೆ.
ಗಾಜಿನ ತನಕ ಓಡಿದೆ. ವಿಮಾನ ಹಿಂದಕ್ಕೆ ಸರಿಯುತ್ತಿತ್ತು.
ಮೇಜಿನ ಹುಡುಗ ತಲೆಯಲ್ಲಾಡಿಸಿದ.

ನವಲಗುಂದದಲ್ಲಿ ಔಷಧದಂಗಡಿ ಇರುತ್ತದೆ.
ಚೀಟಿ ಇದೆ ಅವಳ ಹತ್ತಿರ. ಪೆಟ್ಟಿಗೆಯಲ್ಲಿ
ಇನ್ನೊಂದು ಶೀಟು ಇದ್ದರೂ ಇರಬಹುದು.
ಇಲ್ಲದಿದ್ದರೆ ಕಟ್ಟೆಗೆ ಕೈಯೂರಿ ನಿಂತು
ಚಂದ್ರನ ಗುಳಿಗಿ ಕೊಡಪಾ ಎನ್ನುತ್ತಾಳೆ,
ಅವನು ನಗುತ್ತಾನೆ.

ಐದು ಗಂಟೆಗೆ ಮುಂದಿನ ಕಾಗದ: ಕೊಚ್ಚಿ, ಇಬ್ಬರು.
ತಳ್ಳಿಕೊಂಡು ಹೊರಟೆ. ಹೆಜ್ಜೆ ಇಟ್ಟಾಗಲೆಲ್ಲ
ಜೇಬಿನಲ್ಲಿ ಚರಪರ ಸದ್ದು.